ನೈಸ್ ಅಂದ್ರೆ ಏನು, ಅದನ್ನು ಎಲ್ಲಿ ಹೇಳಬೇಕು?

ಇಂಗ್ಲಿಷ್‌ನಲ್ಲಿ ಏನನ್ನಾದರೂ ಮೆಚ್ಚಿಕೊಳ್ಳುವಾಗ ಥಟ್ಟನೆ ಬಾಯಿಗೆ ಬರುವ ಪದ ನೈಸ್. ಸೀರೆ ನೈಸ್, ಊಟ ನೈಸ್, ಮಲ್ಪೆ ಬೀಚ್ ನೈಸ್, ಪಕ್ಕದ ಮನೆಯವರೂ ನೈಸ್. ಚೆನ್ನಾಗಿದೆ, ಹಿತವಾಗಿದೆ, ಇಷ್ಟ ಆಯ್ತು, ಇಷ್ಟೇ ಅರ್ಥ. ನಮ್ಮ ಮಂಗಳೂರು, ಉಡುಪಿ ಕಡೆ ಇದಕ್ಕೆ ತೀರಾ ಹತ್ತಿರದ ಮಾತು ಲಾಯ್ಕ. 'ಲಾಯ್ಕ ಉಂಟು' ಎಂದು ಮೀನು ಸಾರಿಗೂ ಹೇಳುತ್ತೇವೆ, ಯಕ್ಷಗಾನದ ಭಾಗವತರ ಹಾಡಿಗೂ ಹೇಳುತ್ತೇವೆ. ಈ ಲಾಯ್ಕ ಅರಬ್ಬಿ ಮೂಲದ್ದು. ತಕ್ಕದ್ದು, ಯೋಗ್ಯ ಎಂಬುದು ಅದರ ಹಳೇ ಅರ್ಥ. ನಾಲಾಯಕ್ ಎಂದು ಬೈಯುವಾಗ ಆ ಅರ್ಥ ಈಗಲೂ ಕಾಣುತ್ತದೆ.

ನೈಸ್‌ನ ಹುಟ್ಟು ಮಾತ್ರ ಅಷ್ಟು ಮರ್ಯಾದೆಯದ್ದಲ್ಲ. ಲ್ಯಾಟಿನ್‌ನಲ್ಲಿ ನೆಸ್ಕಿಯಸ್ ಅಂದರೆ ಏನೂ ತಿಳಿಯದವ. 'ನೆ' ಅಂದರೆ ಇಲ್ಲ, 'ಸ್ಕೀರೆ' ಅಂದರೆ ತಿಳಿ. ಸೈನ್ಸ್ ಎಂಬ ಪದ ಬಂದದ್ದೂ ಇದೇ ಸ್ಕೀರೆಯಿಂದ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಫ್ರೆಂಚ್ ದಾಟಿ 1300ರ ಸುಮಾರಿಗೆ ಇಂಗ್ಲಿಷ್‌ಗೆ ಬಂದಾಗ ನೈಸ್ ಅಂದರೆ ಪೆದ್ದ. ಆಮೇಲೆ ಅತಿ ನಾಜೂಕಿನವ, ಸಣ್ಣ ಸಣ್ಣದಕ್ಕೂ ತಕರಾರು ತೆಗೆಯುವವ ಎಂದಾಯಿತು, ಅಲ್ಲಿಂದ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥಕ್ಕೆ ಹೊರಳಿತು, ಇವತ್ತಿನ ಹಿತವಾದದ್ದು ಎಂಬ ಅರ್ಥ 18ನೇ ಶತಮಾನದಲ್ಲಿ ಗಟ್ಟಿಯಾಯಿತು. ಹಳೇ ಅರ್ಥ ಪೂರ್ತಿ ಸತ್ತಿಲ್ಲ. ಕಾನೂನು ಪುಸ್ತಕದಲ್ಲಿ 'ಎ ನೈಸ್ ಡಿಸ್ಟಿಂಕ್ಷನ್' ಎಂದು ಕಂಡರೆ ಅದು ಕೂದಲೆಳೆಯಷ್ಟು ಸೂಕ್ಷ್ಮವಾದ ವ್ಯತ್ಯಾಸ. ಚೆಂದದ ವ್ಯತ್ಯಾಸ ಎಂದು ಓದಿದರೆ ವಾಕ್ಯವೇ ತಪ್ಪಿ ಹೋಗುತ್ತದೆ. (ಫ್ರಾನ್ಸ್‌ನಲ್ಲಿ ಇದೇ ಅಕ್ಷರಗಳ ಊರೊಂದಿದೆ. ಅದನ್ನು ನೀಸ್ ಅನ್ನಬೇಕು, ಈ ಪದಕ್ಕೂ ಆ ಊರಿಗೂ ಸಂಬಂಧ ಇಲ್ಲ.)

ಕನ್ನಡದಲ್ಲಿ ನೈಸ್ ಬೇರೆಯೇ ಬಾಳು ಬಾಳುತ್ತಿದೆ. ನೀರುದೋಸೆಗೆ ಬೆಳ್ತಿಗೆ ಅಕ್ಕಿಯನ್ನು ನೈಸಾಗಿ ಕಡೆಯಬೇಕು ಅನ್ನುತ್ತೇವಲ್ವಾ, ಅಲ್ಲಿ ನೈಸ್ ಅಂದರೆ ನುಣ್ಣಗೆ. ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದರೆ ತರಿ ಸಿಗಬಾರದು, ಸಿಕ್ಕಿದರೆ ಕಾವಲಿಯಿಂದ ಎಬ್ಬಿಸುವಾಗ ದೋಸೆ ಹರಿಯುತ್ತದೆ. ಇನ್ನೊಂದು ಬಳಕೆ ಜನರ ಬಗ್ಗೆ. 'ನೈಸ್ ಮಾಡಿ ಕೆಲಸ ಮಾಡಿಸಿಕೊಂಡ', 'ಬಿಲ್ ಬರುವಾಗ ನೈಸಾಗಿ ಜಾರಿದ'. ಇಲ್ಲಿ ಮೆಚ್ಚುಗೆ ಇಲ್ಲವೇ ಇಲ್ಲ. ನಮ್ಮದೇ 'ನಯ' ಎಂಬ ಪದಕ್ಕೂ ಇದೇ ಎರಡು ಮುಖ ಇದೆ: ನಯವಾದ ಬಟ್ಟೆ ಒಂದು ಕಡೆ, ನಯವಂಚಕ ಇನ್ನೊಂದು ಕಡೆ. ಹಾಗಾಗಿ ಕನ್ನಡದ ಈ ನೈಸಾಗಿಯನ್ನು ಇಂಗ್ಲಿಷ್ ಮಾತಾಡುವಾಗ 'ನೈಸ್ಲಿ' ಎಂದು ಹೇಳಬೇಡಿ. ನೈಸ್ಲಿ ಅಂದರೆ ಚೆನ್ನಾಗಿ ಅಥವಾ ಮರ್ಯಾದೆಯಿಂದ, ಕಳ್ಳ ಜಾಣತನಕ್ಕೆ ಅದು ಆಗುವುದಿಲ್ಲ.

ಮಣಿಪಾಲದಲ್ಲಿ ಹೊರರಾಜ್ಯದ, ಹೊರದೇಶದ ಮಕ್ಕಳ ಜೊತೆ ದಿನಾ ಇಂಗ್ಲಿಷ್ ಆಡುವವರಿಗೆ ಬೇಕಾಗುವ ಒಂದೆರಡು ವಿಷಯ. 'ನೈಸ್ ಟು ಮೀಟ್ ಯೂ' ಮೊದಲ ಸಲ ಭೇಟಿ ಆದಾಗಿನ ಮಾತು. ಮಾತು ಮುಗಿಸಿ ಹೊರಡುವಾಗ 'ನೈಸ್ ಮೀಟಿಂಗ್ ಯೂ'. ಮೊದಲೇ ಪರಿಚಯ ಇದ್ದವರಿಗೆ 'ನೈಸ್ ಟು ಸೀ ಯೂ'. ಯಾರಾದರೂ ಸಹಾಯ ಮಾಡಿದರೆ 'ದಟ್ಸ್ ನೈಸ್ ಆಫ್ ಯೂ', ಅಂದರೆ ಹೀಗೆ ಮಾಡಿದ್ದು ನಿಮ್ಮ ಒಳ್ಳೇತನ ಎಂದು. 'ನೈಸ್ ಆ್ಯಂಡ್ ಹಾಟ್' ಅಂದರೆ ಎರಡು ಬೇರೆ ಗುಣ ಅಂದುಕೊಳ್ಳಬೇಡಿ. ಚಾ ಕುಡಿಯಲು ಬೇಕಾದಷ್ಟು ಹದವಾಗಿ ಬಿಸಿಯಿದೆ ಎಂದಷ್ಟೇ ಅದರ ಅರ್ಥ.

ಮನುಷ್ಯರ ಬಗ್ಗೆ ಹೇಳುವಾಗ ಮಾತ್ರ ಸ್ವಲ್ಪ ಜಾಸ್ತಿ ಯೋಚಿಸಬೇಕು. ನೈಸ್ ಅನ್ನುವುದು ನಡವಳಿಕೆಯ ಮಾತು: ನಗುಮುಖ, ಒಳ್ಳೇ ಮಾತು, ಜಗಳ ಇಲ್ಲ. ಕೈಂಡ್ ಅಂದರೆ ಇನ್ನೊಬ್ಬರ ಕಷ್ಟಕ್ಕೆ ಆಗುವವರು. ಗುಡ್ ಅಂದರೆ ಗುಣದಲ್ಲೇ ಒಳ್ಳೆಯವರು. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಗಾಡಿ ತಂದು ನಿಲ್ಲಿಸಿದವರನ್ನು ಸುಮ್ನೆ ನೈಸ್ ಅಂದರೆ ಅವರಿಗೆ ತೀರಾ ಕಮ್ಮಿ ಕೊಟ್ಟ ಹಾಗೆ. ಇದು ನನಗೆ ಹೆಚ್ಚು ಕಾಣುವುದು ಶಿಫಾರಸು ಪತ್ರಗಳಲ್ಲಿ. 'ಶೀ ಈಸ್ ಎ ನೈಸ್ ಸ್ಟೂಡೆಂಟ್' ಎಂದು ಪ್ರೀತಿಯಿಂದಲೇ ಬರೆದಿರುತ್ತಾರೆ, ಆದರೆ ಹೊರದೇಶದ ಕಾಲೇಜಿನಲ್ಲಿ ಆ ಪತ್ರ ಓದುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಹುಡುಗಿ ಲ್ಯಾಬ್‌ನಲ್ಲಿ ಏನು ಮಾಡಿದಳು, ಯಾವ ಪಾಠವನ್ನು ಜೂನಿಯರ್‌ಗಳಿಗೆ ಹೇಳಿಕೊಟ್ಟಳು ಎಂದು ಬರೆಯಿರಿ, ನೈಸ್ ತೆಗೆದುಬಿಡಿ.