ಲ್ಯಾಪ್‌ಟಾಪ್‌ನೊಳಗಿನ ಕ್ಲಸ್ಟರ್: ‘ನೋಡ್’ ಕುಗ್ಗುತ್ತಾ ಬಂದ ಬಗೆ

ಟರ್ಮಿನಲ್‌ನಲ್ಲಿ ‘ಕೈಂಡ್ ಕ್ರಿಯೇಟ್ ಕ್ಲಸ್ಟರ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಬೇಕಾದ ಇಮೇಜ್ ಮೊದಲೇ ಇಳಿಸಿಕೊಂಡಿದ್ದ ಪಕ್ಷದಲ್ಲಿ, ಕಾಫಿ ಲೋಟ ಖಾಲಿಯಾಗುವುದರೊಳಗೆ ಕುಬರ್ನೆಟೀಸ್ ಕ್ಲಸ್ಟರ್ ಸಿದ್ಧವಾಗಿರುತ್ತದೆ. ಹಲವು ಯಂತ್ರಗಳನ್ನು ಕ್ಲಸ್ಟರ್ ಎಂಬ ಒಂದು ಗುಂಪಾಗಿಸಿ, ಅವುಗಳ ಮೇಲೆ ಕಂಟೇನರ್‌ಗಳನ್ನು, ಅಂದರೆ ಪ್ರತ್ಯೇಕವಾಗಿ ಕಟ್ಟಿಟ್ಟ ತಂತ್ರಾಂಶಗಳನ್ನು, ನಡೆಸುವ ವ್ಯವಸ್ಥೆಯೇ ಕುಬರ್ನೆಟೀಸ್; ಕಂಟೇನರ್ ಹುಟ್ಟುವ ಸಿದ್ಧ ಅಚ್ಚೇ ಇಮೇಜ್. ಬಳಿಕ ಕಂಟೇನರ್‌ಗಳನ್ನು ಓಡಿಸುವ ಡಾಕರ್ ಎಂಬ ತಂತ್ರಾಂಶವನ್ನು ‘ಡಾಕರ್ ಪಿಎಸ್’ ಎಂದು ಕೇಳಿದರೆ ‘ಕೈಂಡ್-ಕಂಟ್ರೋಲ್-ಪ್ಲೇನ್’ ಎಂಬ ಒಂದೇ ಒಂದು ಕಂಟೇನರ್ ಕಾಣುತ್ತದೆ. ‘ಡಾಕರ್ ಎಕ್ಸೆಕ್’ ಮೂಲಕ ಅದರ ಒಳಹೊಕ್ಕು ‘ಕ್ರೈಸಿಟಿಎಲ್ ಪಿಎಸ್’ ಕೊಟ್ಟರೆ ಮಾತ್ರ ಆದೇಶ ಪಡೆಯುವ ಎಪಿಐ ಸರ್ವರ್, ಮಾಹಿತಿ ಕಾಪಿಡುವ ಎಟ್‌ಸಿಡಿ, ಕೆಲಸ ಹಂಚುವ ಶೆಡ್ಯೂಲರ್ ಮೊದಲಾದ ಬೇರೆಯದೇ ಒಂದು ಸಂಸಾರ ಕಣ್ಣಿಗೆ ಬೀಳುತ್ತದೆ. ನಮ್ಮ ಪಾಲಿಗೆ ಕಂಟೇನರ್ ಆಗಿರುವುದು ಕುಬರ್ನೆಟೀಸ್ ಪಾಲಿಗೆ ಒಂದು ಪೂರ್ತಿ ಯಂತ್ರ, ಅಂದರೆ ನೋಡ್. ಸ್ಥಳೀಯ ಕ್ಲಸ್ಟರ್‌ಗಳ ಇತಿಹಾಸವೆಂದರೆ, ಯಾವುದನ್ನು ನೋಡ್ ಎಂದು ಒಪ್ಪಿಸಬಹುದು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳ ಇತಿಹಾಸ.

ಕುಬರ್ನೆಟೀಸ್ ಲ್ಯಾಪ್‌ಟಾಪ್‌ಗೆಂದು ಹುಟ್ಟಿದ್ದಲ್ಲ. ಬೋರ್ಗ್ ಎಂಬ ಆಂತರಿಕ ವ್ಯವಸ್ಥೆಯನ್ನು ವರ್ಷಗಟ್ಟಲೆ ನಡೆಸಿದ ಅನುಭವದ ಮೇಲೆ ಗೂಗಲ್ ಅದನ್ನು 2014ರ ಜೂನ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದಿತು. 2015ರ ಜುಲೈನಲ್ಲಿ 1.0 ಆವೃತ್ತಿ ಬಂತು. ಯಂತ್ರಗಳು ಹಲವಿವೆ, ಅವು ಆಗಾಗ ಕೆಡುತ್ತವೆ ಎಂಬುದು ಅದರ ವಿನ್ಯಾಸದ ಮೂಲ ಗ್ರಹಿಕೆ. ಇದನ್ನು ಒಂಟಿ ಯಂತ್ರದಲ್ಲಿ ನಡೆಸಬಯಸಿದವರಿಗೆ ಆಗ ಇದ್ದದ್ದು ಎರಡು ದಾರಿ: ಆಕರ ಸಂಕೇತದ ಜೊತೆಗೇ ಬರುತ್ತಿದ್ದ ‘ಲೋಕಲ್-ಅಪ್-ಕ್ಲಸ್ಟರ್’ ಎಂಬ ಶೆಲ್ ಸ್ಕ್ರಿಪ್ಟ್, ಇಲ್ಲವೇ ವೇಗ್ರಂಟ್ ಬಳಸಿ ವರ್ಚುವಲ್‌ಬಾಕ್ಸ್‌ನಲ್ಲಿ ಎಬ್ಬಿಸುವ ವರ್ಚುವಲ್ ಯಂತ್ರಗಳು, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವೇ ರೂಪಿಸುವ ಕಂಪ್ಯೂಟರ್‌ಗಳು. ಎರಡೂ ಕುಬರ್ನೆಟೀಸ್ ಕಟ್ಟುವವರಿಗೆ ಸಲ್ಲುತ್ತಿದ್ದವೇ ಹೊರತು ಬಳಸುವವರಿಗಲ್ಲ.

2016ರಲ್ಲಿ ಬಂದ ಮಿನಿಕ್ಯೂಬ್ ಈ ಕೊರತೆಯನ್ನು ತುಂಬಿತು. ರೆಡ್‌ಸ್ಪ್ರೆಡ್ ಎಂಬ ಪುಟ್ಟ ಕಂಪನಿ ರೂಪಿಸಿದ್ದ ಲೋಕಲ್‌ಕ್ಯೂಬ್ ಅದಕ್ಕೆ ಆಧಾರವಾಗಿತ್ತು. ಕುಬರ್ನೆಟೀಸ್‌ನ ಬಿಡಿಬಿಡಿ ಘಟಕಗಳನ್ನೆಲ್ಲ ಒಂದೇ ಬೈನರಿಯಲ್ಲಿ ಹೊಲಿದು, ಒಂದು ವರ್ಚುವಲ್ ಯಂತ್ರದೊಳಗೆ ಕೂರಿಸುವುದು ಉಪಾಯ. ಅಸಲಿ ಕ್ಲಸ್ಟರ್‌ಗಳನ್ನು ಕಟ್ಟುವ ಕ್ಯೂಬ್‌ಎಡಿಎಂ ಬೆಳೆದ ಮೇಲೆ ಮಿನಿಕ್ಯೂಬ್ ಲೋಕಲ್‌ಕ್ಯೂಬನ್ನು ಕೈಬಿಟ್ಟು ಅದನ್ನೇ ಅಪ್ಪಿಕೊಂಡಿತು. ಇದು ಸರಿಯಾದ ನಿರ್ಧಾರವೇ. ಆಟಿಕೆಯೂ ಅಸಲಿಯೂ ಬೇರೆ ಬೇರೆ ರೀತಿಯಲ್ಲಿ ಕಟ್ಟಲ್ಪಟ್ಟರೆ ಆಟಿಕೆಯಲ್ಲಿ ಕಲಿತದ್ದು ಅಸಲಿಯಲ್ಲಿ ಕೈಕೊಡುತ್ತದೆ. ಆದರೆ ವರ್ಚುವಲ್ ಯಂತ್ರದ ಭಾರ ಉಳಿಯಿತು. ಎಂಟು ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ನಲ್ಲಿ ಎರಡು ಜಿಬಿಯನ್ನು ಅದಕ್ಕೆ ಎತ್ತಿಟ್ಟು, ಪಕ್ಕದಲ್ಲಿ ಬ್ರೌಸರನ್ನೂ ತೆರೆದವರಿಗೆ ಫ್ಯಾನಿನ ಸದ್ದು ಮರೆಯುವಂಥದ್ದಲ್ಲ.

ಆ ಭಾರವನ್ನು ಇಳಿಸಿದ್ದು 2018ರಲ್ಲಿ ಶುರುವಾದ ಕೈಂಡ್. ‘ಕುಬರ್ನೆಟೀಸ್ ಇನ್ ಡಾಕರ್’ ಎಂಬುದರ ಮೊಟಕು ರೂಪವಾದ ಇದರ ಮೊದಲ ಉದ್ದೇಶ ಕಲಿಯುವವರಿಗೆ ನೆರವಾಗುವುದಲ್ಲ, ಕುಬರ್ನೆಟೀಸನ್ನೇ ಪರೀಕ್ಷಿಸುವುದು. ಬದಲಾವಣೆಯೊಂದನ್ನು ಸೇರಿಸುವ ಮುನ್ನ ಕ್ಲಸ್ಟರ್ ಎಬ್ಬಿಸಿ, ಪರೀಕ್ಷಿಸಿ, ಕೆಡವಬೇಕಾದ ಕಡೆ ವರ್ಚುವಲ್ ಯಂತ್ರ ತೀರ ನಿಧಾನ. ಹೀಗಾಗಿ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ, ಕಂಟೇನರ್‌ಗಳನ್ನು ಓಡಿಸುವ ಕಂಟೇನರ್‌ಡಿ, ನೋಡ್‌ನಲ್ಲಿ ಕುಬರ್ನೆಟೀಸ್‌ನ ಪ್ರತಿನಿಧಿಯಾದ ಕ್ಯೂಬ್‌ಲೆಟ್‌ಗಳನ್ನು ತುಂಬಿಕೊಂಡ ಕಂಟೇನರ್ ಒಂದಕ್ಕೇ ನೋಡ್‌ನ ವೇಷ ಹಾಕಲಾಯಿತು. 2019ರ ಫೆಬ್ರವರಿಯಲ್ಲಿ ರ‍್ಯಾಂಚರ್ ಲ್ಯಾಬ್ಸ್ ಪ್ರಕಟಿಸಿದ ಕೆ3ಎಸ್ ಗುರಿಯಿಟ್ಟದ್ದು ಸಣ್ಣ ಸಾಧನಗಳನ್ನಾದರೂ, ಎಟ್‌ಸಿಡಿಯ ಬದಲು ಎಸ್‌ಕ್ಯೂಲೈಟ್ ಎಂಬ ಹಗುರ ದತ್ತಸಂಚಯ ಬಳಸುವ ಅದರ ಮಿತವ್ಯಯ ಲ್ಯಾಪ್‌ಟಾಪ್‌ಗೂ ಒಗ್ಗಿತು. ಅದನ್ನು ಡಾಕರ್‌ನೊಳಗೆ ಓಡಿಸುವ ಕೆ3ಡಿ ಹಿಂದೆಯೇ ಬಂತು.

ಮ್ಯಾಕ್ ಮತ್ತು ವಿಂಡೋಸ್ ಬಳಕೆದಾರರ ಮಟ್ಟಿಗೆ ವರ್ಚುವಲ್ ಯಂತ್ರ ಮಾಯವಾಗಿಲ್ಲ, ಮರೆಯಾಗಿದೆ ಅಷ್ಟೆ: ಲಿನಕ್ಸ್ ಕಂಟೇನರ್‌ಗೆ ಲಿನಕ್ಸ್ ಕರ್ನಲ್, ಅಂದರೆ ಅದರ ತಿರುಳು, ಬೇಕೇಬೇಕು, ಅದನ್ನು ಡಾಕರ್ ಡೆಸ್ಕ್‌ಟಾಪ್ ಸದ್ದಿಲ್ಲದೆ ಒದಗಿಸುತ್ತದೆ. 250ಕ್ಕಿಂತ ಹೆಚ್ಚು ಉದ್ಯೋಗಿಗಳು ಅಥವಾ ಒಂದು ಕೋಟಿ ಡಾಲರ್‌ಗೆ ಮೀರಿದ ವಾರ್ಷಿಕ ಆದಾಯವಿರುವ ಸಂಸ್ಥೆಗಳು ಹಣ ತೆತ್ತೇ ಡಾಕರ್ ಡೆಸ್ಕ್‌ಟಾಪ್ ಬಳಸಬೇಕೆಂದು 2021ರ ಆಗಸ್ಟ್‌ನಲ್ಲಿ ಪ್ರಕಟವಾದಾಗ, ಹಲವರಿಗೆ ಆ ಮರೆಯ ಯಂತ್ರದ ಇರವು ಮೊದಲ ಬಾರಿಗೆ ಅರಿವಾಯಿತು. ಕೋಲಿಮಾ, ರ‍್ಯಾಂಚರ್ ಡೆಸ್ಕ್‌ಟಾಪ್, ಪಾಡ್‌ಮನ್‌ನಂಥ ಪರ್ಯಾಯಗಳ ಕಡೆಗೆ ಜನ ಹೊರಳಿದ್ದಕ್ಕೆ ಇದೂ ಒಂದು ಕಾರಣ.

ನೋಡ್‌ನ ಈ ವೇಷವನ್ನು ಮರೆತವರು ಎಡವುವ ಜಾಗ ಒಂದಿದೆ. ‘ಡಾಕರ್ ಬಿಲ್ಡ್’ ಮಾಡಿ ಇಮೇಜ್ ಸಿದ್ಧವಾಗಿದೆ, ‘ಡಾಕರ್ ಇಮೇಜಸ್’ ಪಟ್ಟಿಯಲ್ಲೂ ಕಾಣುತ್ತದೆ, ಆದರೂ ಪಾಡ್ (ಕುಬರ್ನೆಟೀಸ್ ಕಂಟೇನರ್‌ಗಳನ್ನು ಓಡಿಸುವ ಘಟಕ) ಮಾತ್ರ ‘ಇಮೇಜ್‌ಪುಲ್‌ಬ್ಯಾಕ್‌ಆಫ್’, ಅಂದರೆ ಇಮೇಜ್ ಸಿಗುತ್ತಿಲ್ಲ, ಎನ್ನುತ್ತದೆ. ಇಮೇಜ್ ಇರುವುದು ಲ್ಯಾಪ್‌ಟಾಪ್‌ನ ಡಾಕರ್ ಬಳಿ; ಹುಡುಕುತ್ತಿರುವುದು ನೋಡ್‌ನೊಳಗಿನ ಕಂಟೇನರ್‌ಡಿ, ಅದರ ಉಗ್ರಾಣವೇ ಬೇರೆ. ‘ಕೈಂಡ್ ಲೋಡ್ ಡಾಕರ್-ಇಮೇಜ್’ ಎಂದು ಕೊಟ್ಟು ಒಳಗೆ ಸಾಗಿಸಿದರೂ ಅದರ ಆವೃತ್ತಿಯ ಹೆಸರು, ಅಂದರೆ ಟ್ಯಾಗ್, ‘ಲೇಟೆಸ್ಟ್’ ಆಗಿದ್ದರೆ ಕೆಲಸ ಕೆಡುತ್ತದೆ, ಏಕೆಂದರೆ ಆ ಟ್ಯಾಗ್ ಕಂಡೊಡನೆ ಕುಬರ್ನೆಟೀಸ್ ಪ್ರತಿ ಸಲವೂ ಇಮೇಜ್‌ಗಳ ಹೊರ ಭಂಡಾರವಾದ ರಿಜಿಸ್ಟ್ರಿಯನ್ನೇ ಕೇಳಲು ಹೊರಡುತ್ತದೆ. ‘ವಿ1’ ಎಂದೋ ಮತ್ತೇನೆಂದೋ ಹೆಸರಿಟ್ಟರೆ ಅರ್ಧ ದಿನ ಉಳಿಯುತ್ತದೆ.

ಕೆಲಸ ಮುಗಿದ ಮೇಲೆ ‘ಕೈಂಡ್ ಡಿಲೀಟ್ ಕ್ಲಸ್ಟರ್’ ಕೊಟ್ಟರೆ ಕಂಟೇನರ್ ಹೋಗುತ್ತದೆ, ಕ್ಲಸ್ಟರ್‌ಗಳ ವಿಳಾಸವಿರುವ ಕ್ಯೂಬ್‌ಕಾನ್ಫಿಗ್ ಕಡತದಲ್ಲಿನ ಅದರ ವಿವರಗಳೂ ಅಳಿಯುತ್ತವೆ. ಆಮೇಲೆ ಮರೆತು, ಕ್ಲಸ್ಟರ್‌ಗೆ ಆದೇಶ ಕೊಡುವ ಕ್ಯೂಬ್‌ಸಿಟಿಎಲ್ ಮೂಲಕ ‘ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್’ ಎಂದರೆ, ಲೋಕಲ್‌ಹೋಸ್ಟ್‌ನ 8080ನೇ ಪೋರ್ಟ್‌ಗೆ ಸಂಪರ್ಕ ಸಿಗಲಿಲ್ಲ ಎಂಬ ದೂರು ಬರುತ್ತದೆ. ಆ ಅಂಕಿ ಹಳೆಯ ಕಾಲದ ಪಳೆಯುಳಿಕೆ: ಎಪಿಐ ಸರ್ವರ್ ಗುರುತು ಪರಿಚಯ ಕೇಳದೆ ಅದೇ ಯಂತ್ರದಲ್ಲಿ 8080ರಲ್ಲಿ ಕಿವಿಗೊಟ್ಟು ಕೂರುತ್ತಿದ್ದ ದಿನಗಳದು. 2020ರ ಡಿಸೆಂಬರ್‌ನಲ್ಲಿ ಬಂದ 1.20ನೇ ಆವೃತ್ತಿ ಆ ಬಾಗಿಲನ್ನು ಮುಚ್ಚಿದೆ. ಎಲ್ಲಿ ಹೋಗಬೇಕೆಂದು ಹೇಳದಿದ್ದರೆ ಕ್ಯೂಬ್‌ಸಿಟಿಎಲ್ ಈಗಲೂ ಅಲ್ಲೇ ಹೋಗಿ ತಟ್ಟುತ್ತದೆ.