ಅಂಗಳಕ್ಕೊಂದು ತಂಗಡಿ

ಕೊಪ್ಪಳದಿಂದ ಗಂಗಾವತಿಯ ಕಡೆ ಹೊರಟರೆ ಬಂಡೆಗುಡ್ಡಗಳ ಬುಡದಲ್ಲಿ ಹಳದಿ ಹೂ ಹೊತ್ತು ನಿಂತ ತಂಗಡಿ ಕಣ್ಣಿಗೆ ಬೀಳುತ್ತದೆ. ಆವರಿಕೆ ಎಂದರೂ ಇದೇ. ಚರ್ಮ ಹದ ಮಾಡುವವರು ಇದರ ತೊಗಟೆಯನ್ನು ಹುಡುಕಿಕೊಂಡು ಬರುತ್ತಿದ್ದ ಕಾಲವಿತ್ತು. ಗಡಿಯಾಚೆಯ ತೆಲಂಗಾಣ ಇದನ್ನು ರಾಜ್ಯದ ಹೂವನ್ನಾಗಿ ಮಾಡಿಕೊಂಡಿದೆ. ನಾವು ಮಾತ್ರ ಬೇಲಿಯಾಚೆಗೇ ಬಿಟ್ಟಿದ್ದೇವೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನ ಸೀಮೆಯಲ್ಲಿ ಗುಲಾಬಿಗೆ ಕೊಡಗಟ್ಟಲೆ ನೀರು ಹೊರುವುದಕ್ಕಿಂತ ಇದನ್ನು ಬೆಳೆಸುವುದು ಮೇಲು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೊದಲ ಸಲ ಹೊಲದ ಬದುವಿನಿಂದ ಮೊಣಕಾಲೆತ್ತರದ ಸಸಿ ಕಿತ್ತು ತಂದು ನೆಟ್ಟೆ. ವಾರದೊಳಗೆ ಒಣಗಿತು. ಅಷ್ಟು ಬೆಳೆಯುವ ಹೊತ್ತಿಗೆ ತಾಯಿಬೇರು ಆಳಕ್ಕಿಳಿದಿರುತ್ತದೆ. ಕೀಳುವಾಗ ಅದು ತುಂಡಾದರೆ ಗಿಡಕ್ಕೆ ಉಳಿಗಾಲವಿಲ್ಲ. ಆದ್ದರಿಂದ ಬೆಳೆಯಬೇಕಾದ ಜಾಗದಲ್ಲೇ ಬೀಜ ಊರಬೇಕು. ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡದಷ್ಟು ಗಟ್ಟಿ. ಮೊದಲ ಮಳೆಗೇ ಎಲ್ಲವೂ ಮೊಳೆತು, ಮುಂದಿನ ಮಳೆ ಕೈಕೊಟ್ಟರೆ ಪೀಳಿಗೆಯೇ ಒಣಗಿಹೋದೀತು. ಗಟ್ಟಿ ಸಿಪ್ಪೆ ಅದನ್ನು ತಪ್ಪಿಸುತ್ತದೆ. ಕುದಿಸಿ ಇಳಿಸಿದ ನೀರಿನಲ್ಲಿ ರಾತ್ರಿಯಿಡೀ ಬಿಟ್ಟರೆ ಬೀಜ ಉಬ್ಬುತ್ತದೆ. ಉಬ್ಬದವನ್ನು ಉಪ್ಪುಕಾಗದಕ್ಕೆ ಮೆಲ್ಲಗೆ ಉಜ್ಜಿ ಮತ್ತೆ ನೆನೆಸಿ. ಮಸಾರಿ ನೆಲವಾದರೆ ಚಿಂತೆಯಿಲ್ಲ. ಎರೆಯಾದರೆ ಮಣ್ಣನ್ನು ದಿಬ್ಬ ಮಾಡಿ ಊರಿ, ನೀರು ನಿಂತರೆ ಬೇರು ಕೊಳೆಯುತ್ತದೆ. ಮೊದಲ ಬೇಸಿಗೆ ವಾರಕ್ಕೊಮ್ಮೆ ನೀರು ಕೊಟ್ಟರಾಯಿತು, ಆಮೇಲೆ ಮಳೆಗೆ ಬಿಟ್ಟುಬಿಡಿ.

ಎಲೆದಂಟಿನ ಬುಡದಲ್ಲಿ ಕಿವಿಯಾಕಾರದ ಪುಟ್ಟ ಎಲೆಗಳಿವೆ. ಸೆನ್ನಾ ಆರಿಕ್ಯುಲೇಟಾ ಎಂಬ ಹೆಸರು ಬಂದದ್ದು ಅವುಗಳಿಂದ. ಆದರೆ ನನಗೆ ಪ್ರಿಯವಾದದ್ದು ಬೆಳಗಿನ ಹೂವು. ಅದರಲ್ಲಿ ಮಕರಂದವಿಲ್ಲ, ಇರುವುದು ಪರಾಗ, ಅದೂ ಪರಾಗಕೋಶದ ತುದಿಯ ಸಣ್ಣ ತೂತಿನ ಹಿಂದೆ, ಉಪ್ಪುದಾನಿಯಲ್ಲಿ ಉಪ್ಪಿದ್ದ ಹಾಗೆ. ದೊಡ್ಡ ಕರಿದುಂಬಿ ಬಂದು ಕೇಸರಗಳನ್ನು ತಬ್ಬಿ ಹಿಡಿಯುತ್ತದೆ. ರೆಕ್ಕೆ ಮಡಚಿಕೊಂಡೇ ಎದೆಯ ಸ್ನಾಯುಗಳನ್ನು ನಡುಗಿಸುತ್ತದೆ. ಹಾರುವಾಗಿನ ಗುಂಯ್‌ಗುಡುವಿಕೆ ಥಟ್ಟನೆ ಕೀರಲಾಗುತ್ತದೆ, ಹಳದಿ ಪುಡಿ ಚಿಮ್ಮುತ್ತದೆ. ಗಿಡ್ಡ ಕೇಸರಗಳ ಪರಾಗ ದುಂಬಿಯ ಪಾಲಿನ ಊಟ. ಉದ್ದನೆಯವುಗಳದ್ದು ಅದರ ಮೈಗಂಟಿ ಮುಂದಿನ ಹೂವಿಗೆ ಹೋಗುತ್ತದೆ. ಜೇನುಹುಳಕ್ಕೆ ಈ ವಿದ್ಯೆ ಬಾರದು.

ಎಲೆಯ ಮೇಲೆ ಹಸಿರು ಹುಳ ಕಂಡರೆ ಔಷಧ ಹೊಡೆಯಬೇಡಿ, ಅದು ಚಿಟ್ಟೆಯ ಮರಿ. ಹೂ ಮುಗಿದ ಮೇಲೆ ಉದ್ದ ಹೋದ ಕೊಂಬೆಗಳನ್ನು ಸವರಿ, ನಾಲ್ಕು ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಡಿ. ಪಕ್ಕದ ಮನೆಯವರು ಬೀಜ ಕೇಳುತ್ತಾರೆ.