ಲ್ಯಾಟಿನ್ ಅಬ್ಲೇಟಿವ್ ಅಬ್ಸೊಲ್ಯೂಟ್: ಗುರುತಿಸಿಯಾಯಿತು, ಕನ್ನಡಕ್ಕೆ ತರುವುದು ಹೇಗೆ?

ವಿಭಕ್ತಿ ಕೋಷ್ಟಕ ಬಾಯಿಪಾಠ ಮಾಡಿ ಸೀಸರನ ಗದ್ಯಕ್ಕೆ ಕೈಹಾಕಿದವರು ಸಾಮಾನ್ಯವಾಗಿ ಎಡವುವ ಜಾಗ ಇದು. ಶಾಲೆಯಲ್ಲಿ ಸಂಸ್ಕೃತ ಓದಿದವರು ಸತಿಸಪ್ತಮಿಯನ್ನು ನೆನಪಿಸಿಕೊಳ್ಳಿ: ‘ರಾಮೇ ವನಂ ಗತೇ’, ರಾಮ ಕಾಡಿಗೆ ಹೋದ ಮೇಲೆ. ಲ್ಯಾಟಿನ್ನಿನಲ್ಲಿ ಆ ಕೆಲಸ ಅಬ್ಲೇಟಿವ್ (‘ಇಂದ’ ಎಂಬರ್ಥದ) ವಿಭಕ್ತಿಯದು. ಮುಖ್ಯವಾಕ್ಯಕ್ಕೆ ಅಂಟದೆ ನಿಲ್ಲುವ ಇಂಥ ಜೋಡಿಯೇ ಅಬ್ಲೇಟಿವ್ ಅಬ್ಸೊಲ್ಯೂಟ್.

‘ಉರ್ಬೆ ಕಪ್ತಾ ಕೈಸರ್ ದಿಸ್ಕೆಸ್ಸಿತ್.’ ಮೊದಲು ಪೂರ್ಣಕ್ರಿಯೆ ಹುಡುಕಿ: ದಿಸ್ಕೆಸ್ಸಿತ್, ಹೊರಟ. ಆಮೇಲೆ ಉಪಸರ್ಗದ ಹಂಗಿಲ್ಲದೆ ಅಬ್ಲೇಟಿವ್‌ನಲ್ಲಿರುವ ನಾಮಪದ, ಕೃದಂತಗಳ (ಧಾತುವಿನಿಂದಾದ ವಿಶೇಷಣರೂಪ) ಜೋಡಿಗೆ ಆವರಣ ಹಾಕಿ: ಉರ್ಬೆ (ನಗರ), ಕಪ್ತಾ (ಗೆಲ್ಲಲ್ಪಟ್ಟ). ಅಚ್ಚಿನಲ್ಲಿ ದೀರ್ಘಚಿಹ್ನೆ ಇರದಿದ್ದರೆ ‘ಕಪ್ತ’ (ಪ್ರಥಮಾ), ‘ಕಪ್ತಾ’ (ಅಬ್ಲೇಟಿವ್) ಎರಡೂ ಒಂದೇ ಥರ ಕಾಣುತ್ತವೆ. ಪಕ್ಕದ ‘ಉರ್ಬೆ’ ನೋಡಿಯೇ ತೀರ್ಮಾನಿಸಬೇಕು. ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಲಾಭವಿದೆ: ಎ–ಏ, ಒ–ಓ ವ್ಯತ್ಯಾಸ ನಾಗರಿಯಲ್ಲಿ ಸಲೀಸಾಗಿ ಸಿಗದು.

‘ನಗರವು ಗೆಲ್ಲಲ್ಪಟ್ಟ ನಂತರ ಸೀಸರ್ ಹೊರಟನು’ ಎಂದು ಬರೆದರೆ ಅರ್ಥ ಸರಿ, ಕನ್ನಡ ಸತ್ತಿತು. ಲ್ಯಾಟಿನ್ನಿನ ಭೂತಕೃದಂತ ಸಾಮಾನ್ಯವಾಗಿ ಕರ್ಮಣಿ. ‘ಗೆದ್ದು’ ಎನ್ನಲು ಅಲ್ಲಿ ರೂಪವಿಲ್ಲ, ಅದಕ್ಕೇ ಈ ಸುತ್ತುದಾರಿ. ನಮಗೆ ಕೃದಂತಾವ್ಯಯವಿದೆ: ‘ಸೀಸರ್ ನಗರ ಗೆದ್ದು ಹೊರಟ.’ ಗೆದ್ದವನೂ ಹೊರಟವನೂ ಒಬ್ಬನೇ ಆಗಿದ್ದರೆ ಮಾತ್ರ ಇದು ನಡೆಯುತ್ತದೆ. ಗೆದ್ದವರು ಬೇರೆಯವರಾದರೆ ‘ನಗರ ಶತ್ರುಗಳ ವಶವಾಗಲು’ ಅಥವಾ ‘ವಶವಾದ ಮೇಲೆ’. ಯಾರೆಂದು ಲ್ಯಾಟಿನ್ ಹೇಳದಿದ್ದಾಗ ಹಿಂದಿನ ಎರಡು ಮೂರು ವಾಕ್ಯ ಓದದೆ ವಿಧಿಯಿಲ್ಲ.

ಈಗ ಕ್ರಿ.ಪೂ. 58ರಲ್ಲಿ ಹೆಲ್ವೇಟಿಯರೆಂಬ ಬುಡಕಟ್ಟಿನ ಜೊತೆ ನಡೆದ ಯುದ್ಧದಿಂದ, ಗಾಲ್ ಯುದ್ಧದ ಬಗ್ಗೆ ಸೀಸರ್ ಬರೆದ ಮೊದಲ ಪುಸ್ತಕದ 25ನೇ ಅಧ್ಯಾಯ:

‘ಕೈಸರ್ ಪ್ರೀಮುಮ್ ಸುಓ, ದೆಇಂದೆ ಒಮ್ನಿಯುಮ್ ಎಕ್ಸ್ ಕೋನ್ಸ್ಪೆಕ್ತೂ ರೆಮೋತೀಸ್ ಎಕ್ವೀಸ್, ಉತ್ ಐಕ್ವಾತೋ ಒಮ್ನಿಯುಮ್ ಪೆರೀಕುಲೋ ಸ್ಪೆಮ್ ಫುಗೈ ತೊಲ್ಲೆರೆತ್, ಕೊಹೊರ್ತಾತುಸ್ ಸುಓಸ್ ಪ್ರೊಯ್ಲಿಯುಮ್ ಕೊಮ್ಮೀಸಿತ್.’

ಇಲ್ಲಿ ಬಲೆಗಳು ಮೂರು. ‘ಸುಓ’ವನ್ನು ‘ಕೋನ್ಸ್ಪೆಕ್ತೂ’ (ದೃಷ್ಟಿ) ಜೊತೆ ಕಟ್ಟಿ ‘ತನ್ನ ಕಣ್ಣಿನಿಂದ’ ಎಂದುಬಿಡುವುದು ಮೊದಲನೆಯದು. ಅದು ಅಧ್ಯಾಹಾರವಾಗಿರುವ (ವಾಕ್ಯದಲ್ಲಿ ಬರೆಯದೆ ನಾವೇ ಊಹಿಸಿಕೊಳ್ಳಬೇಕಾದ) ‘ಎಕ್ವೋ’ಗೆ, ಅಂದರೆ ತನ್ನ ಕುದುರೆಗೆ, ಸೇರಿದ್ದು, ‘ಒಮ್ನಿಯುಮ್’ ಕೂಡ ‘ಎಲ್ಲರ ಕುದುರೆಗಳು’. ಎರಡನೆಯದು ‘ಐಕ್ವಾತೋ ಪೆರೀಕುಲೋ’ (ಅಪಾಯ ಸಮವಾಗಿ): ಇನ್ನೊಂದು ಅಬ್ಸೊಲ್ಯೂಟ್, ಆದರೆ ‘ಉತ್... ತೊಲ್ಲೆರೆತ್’ ಎಂಬ ಉದ್ದೇಶವಾಕ್ಯದ ಹೊಟ್ಟೆಯೊಳಗೆ. ಅದನ್ನು ಹೊರಗೆಳೆದರೆ ಉದ್ದೇಶ ಹೋಗಿ ನಡೆದ ಘಟನೆಯಾಗುತ್ತದೆ. ಮೂರನೆಯದು ‘ಕೊಹೊರ್ತಾತುಸ್’. ನೋಡಲು ಕರ್ಮಣಿ, ನಿಜಕ್ಕೂ ಡಿಪೋನೆಂಟ್, ಅಂದರೆ ರೂಪ ಕರ್ಮಣಿಯಾದರೂ ಅರ್ಥ ಕರ್ತರಿಯಾಗಿರುವ ಧಾತು. ಪ್ರಥಮಾ ವಿಭಕ್ತಿಯಲ್ಲಿ ಸೀಸರನಿಗೇ ಅಂಟಿ ‘ಸುಓಸ್’ (ತನ್ನವರನ್ನು) ಎಂಬ ಕರ್ಮವನ್ನು ಹಿಡಿದಿದೆ. ಲ್ಯಾಟಿನ್ನಿಗೆ ‘ಹುರಿದುಂಬಿಸಿ’ ಎನ್ನುವ ಕರ್ತರಿ ಸೌಲಭ್ಯ ಸಿಗುವುದು ಇಂಥ ಧಾತುಗಳಲ್ಲೇ.

‘ಅಪಾಯ ಎಲ್ಲರಿಗೂ ಒಂದೇ ಆಗಿ ಓಡಿಹೋಗುವ ಆಸೆ ಯಾರಿಗೂ ಉಳಿಯಬಾರದೆಂದು ಸೀಸರ್ ಮೊದಲು ತನ್ನ ಕುದುರೆಯನ್ನೂ ಆಮೇಲೆ ಎಲ್ಲರ ಕುದುರೆಗಳನ್ನೂ ಕಣ್ಣಿಗೆ ಬೀಳದ ಕಡೆ ಸಾಗಿಸಿ, ತನ್ನವರನ್ನು ಹುರಿದುಂಬಿಸಿ ಯುದ್ಧಕ್ಕಿಳಿದ.’ ಉದ್ದೇಶವಾಕ್ಯ ಮುಂದೆ ಬಂತು. ಕನ್ನಡಕ್ಕೆ ಅದೇ ಹದ.

ಕೃದಂತವೇ ಇಲ್ಲದ ಜೋಡಿಗಳೂ ಉಂಟು: ‘ಕಿಕೆರೋನೆ ಕೋನ್ಸುಲೆ’, ಸಿಸೆರೋ ಕಾನ್ಸಲ್ (ರೋಮಿನ ಅತ್ಯುನ್ನತ ಅಧಿಕಾರಿ) ಆಗಿದ್ದಾಗ, ಅಂದರೆ ಕ್ರಿ.ಪೂ. 63. ‘ಇರು’ ಧಾತುವಿಗೆ ಲ್ಯಾಟಿನ್ನಿನಲ್ಲಿ ವರ್ತಮಾನ ಕೃದಂತ ಇಲ್ಲ. ‘ಆಗಿದ್ದಾಗ’ ನಾವು ಸೇರಿಸಬೇಕು.

ಕನ್ನಡದಿಂದ ಲ್ಯಾಟಿನ್ನಿಗೆ ಹೋಗುವಾಗ ತಪ್ಪು ತಿರುಗುಮುರುಗು. ‘ಶತ್ರುಗಳನ್ನು ಹಿಡಿದು ಕೊಂದ’ ಎನ್ನಲು ಅಬ್ಸೊಲ್ಯೂಟ್ ಬಳಸಬೇಡಿ. ಶತ್ರುಗಳೇ ಮುಖ್ಯಕ್ರಿಯೆಯ ಕರ್ಮವಾದ್ದರಿಂದ ಕೃದಂತವೂ ದ್ವಿತೀಯೆಗೇ ಹೋಗುತ್ತದೆ: ‘ಹೊಸ್ತೇಸ್ ಕಪ್ತೋಸ್ ಇಂತೆರ್ಫೇಕಿತ್.’